ವಢಕಿ, ಸೇಠಿ ಮತ್ತು ಕಾರ್ಲೆಯ ಕಲ್ಲುಮನೆ

ಪುಣೆಯ ಹತ್ತಿರದ ಕಾರ್ಲೆಯ ಬೆಟ್ಟದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಬೌದ್ಧರ ಚೈತ್ಯವಿದೆ, ಎಂದರೆ ಸ್ತೂಪವಿರುವ ಪೂಜಾಮಂದಿರ. ಅದರ ಮೊಗಸಾಲೆಯ ಎಡ ತುದಿಯಲ್ಲಿ ಒಂದೇ ಒಂದು ವಾಕ್ಯದ ಶಾಸನವಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕನ್ನಡ ಅಕ್ಷರಗಳಿಗೆ ಇಳಿಸಿದರೆ ಹೀಗಾಗುತ್ತದೆ: ‘ವೇಜಯಂತಿತೊ ಸೇಠಿನಾ ಭೂತಪಾಲೇನ ಸೇಲಘರಂ ಪರಿನಿಠಾಪಿತಂ ಜಂಬುದೀಪಮ್ಹಿ ಉತಮಂ.’ ವೈಜಯಂತಿಯ ಶೆಟ್ಟಿ ಭೂತಪಾಲನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲುಮನೆಯನ್ನು ಪೂರ್ತಿ ಮಾಡಿಸಿದನು.

ವೈಜಯಂತಿ ಎಂದರೆ ನಮ್ಮ ಬನವಾಸಿ. ಕದಂಬರ ತಾಮ್ರಪಟಗಳಲ್ಲಿ ಅವರ ರಾಜಧಾನಿಗೆ ಇರುವ ಹೆಸರು ಅದೇ. ನಾನು ಹುಟ್ಟಿದ ಮನೆಯಿಂದ ಬನವಾಸಿಗೆ ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಮಧುಕೇಶ್ವರ ದೇವಾಲಯದ ಅಂಗಳದಲ್ಲಿ ಆಡಿ, ವರದೆಯಲ್ಲಿ ಕಾಲು ತೊಳೆದು ಬೆಳೆದವನು ನಾನು. ಹೊಟ್ಟೆಪಾಡಿಗೆ ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಊರಿನಿಂದ ಸುಮಾರು 500 ಕಿಲೋಮೀಟರ್ ದೂರದ ಬೆಟ್ಟದಲ್ಲಿ, ಎರಡು ಸಾವಿರ ವರ್ಷಗಳ ಹಿಂದೆ ನಮ್ಮೂರ ಕಡೆಯವನೊಬ್ಬ ತನ್ನ ಹೆಸರು ಕೊರೆಸಿದ್ದಾನೆಂದು ತಿಳಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಮೊದಲು ಎರಡು ಸಲ ಹೋಗಿದ್ದೆ. ಎರಡೂ ಸಲ ಎಲ್ಲರಂತೆ ಬಾಗಿಲಿನಿಂದ ಒಳಗೆ ಹೋಗಿ, ಬಾಯಿ ತೆರೆದು ನಿಂತು, ಫೋಟೋ ತೆಗೆದು ಬಂದೆ. ಕಾರ್ಲೆಯನ್ನು ನಿಜವಾಗಿ ನೋಡಿದ್ದು ಮೂರನೆಯ ಸಲ, ಕಳೆದ ಮಾಘದಲ್ಲಿ ಅಪ್ಪಯ್ಯನನ್ನು ಕರೆದುಕೊಂಡು ಹೋದಾಗ. ಅಪ್ಪಯ್ಯ ಬಡಗಿ. ಐವತ್ತು ವರ್ಷ ಉಳಿ ಹಿಡಿದಿದ್ದಾರೆ. ಈಗ ಎಪ್ಪತ್ತೆರಡು, ಕೆಲಸ ಬಿಟ್ಟು ಮೂರು ವರ್ಷವಾಗಿದೆ. ಆದರೆ ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಮಾಡಿನ ಕಡೆ ನೋಡುವ ಅಭ್ಯಾಸ ಹೋಗಿಲ್ಲ.

ಮಳವಲಿ ನಿಲ್ದಾಣದಲ್ಲಿ ಇಳಿದರೆ ಹಳಿಯ ಒಂದು ಬದಿಗೆ ಭಾಜೆಯ ಬೌದ್ಧ ಗುಹೆಗಳು, ಇನ್ನೊಂದು ಬದಿಗೆ ಕಾರ್ಲೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಭಾಜೆಯನ್ನು ಮುಗಿಸೋಣ ಎಂದು ನಾನೇ ಹಟ ಹಿಡಿದೆ. ಅದು ಒಳ್ಳೆಯದೇ ಆಯಿತು. ಕಾರ್ಲೆಯನ್ನು ಅರಿಯಬೇಕೆನ್ನುವವರಿಗೆ ನಾನು ಕೊಡುವ ಸಲಹೆಯೂ ಇದೊಂದೇ: ಮೊದಲು ಭಾಜೆಗೆ ಹೋಗಿ.

ಭಾಜೆಯ ಚೈತ್ಯ ಕ್ರಿ.ಪೂ. 2ನೇ ಶತಮಾನದ್ದು. ಅದರ ಮುಂಭಾಗ ಈಗ ಪೂರ್ತಿ ತೆರೆದುಕೊಂಡಿದೆ. ದೊಡ್ಡ ಲಾಳದಾಕಾರದ ಬಾಯಿ, ಅದರೊಳಗೆ ಸಾಲು ಕಂಬಗಳು, ಕೊನೆಯಲ್ಲಿ ಸ್ತೂಪ. ಆ ಬಾಯಿಯನ್ನು ಮುಚ್ಚುವ ಮುಮ್ಮುಖ ಒಂದು ಕಾಲದಲ್ಲಿ ಮರದ್ದಾಗಿತ್ತು. ಅದು ಹೋಗಿದೆ, ಅದನ್ನು ಹಿಡಿದಿದ್ದ ತೂತುಗಳು ಬಂಡೆಯಲ್ಲಿ ಉಳಿದಿವೆ. ಅಪ್ಪಯ್ಯ ಆ ತೂತುಗಳೊಳಗೆ ಕೈಯಿಟ್ಟು ಆಳ ನೋಡಿದರು. ಆಮೇಲೆ ಒಳಗಿನ ಕಂಬಗಳ ಸಾಲಿನ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ತೂಕದ ದಾರ ಬಿಟ್ಟು ನೋಡುವವರ ಹಾಗೆ ನೋಡಿದರು.

‘ಕಂಬ ಒಳಗೆ ವಾಲಿದೆ’ ಎಂದರು.

ಹೌದು. ಭಾಜೆಯ 27 ಎಂಟುಮೂಲೆ ಕಂಬಗಳೂ ನೆಟ್ಟಗಿಲ್ಲ. ಎರಡೂ ಬದಿಯಿಂದ ಒಳಮುಖವಾಗಿ ಸ್ವಲ್ಪ ಬಾಗಿ ನಿಂತಿವೆ. ಇದನ್ನು ಓದಿದ್ದೆ. ಆದರೆ ಕಾರಣ ಹೀಗೆ ಸಲೀಸಾಗಿ ಹೊಳೆದಿರಲಿಲ್ಲ. ಅಪ್ಪಯ್ಯ ಎರಡೂ ಅಂಗೈಗಳನ್ನು ಮಾಡಿನ ಹಾಗೆ ಜೋಡಿಸಿ ತೋರಿಸಿದರು. ಮೇಲಿನಿಂದ ಭಾರ ಬಿದ್ದರೆ ಮಾಡಿನ ಎರಡು ಕಾಲುಗಳೂ ಹೊರಕ್ಕೆ ಜಾರಲು ನೋಡುತ್ತವೆ, ಕಂಬಗಳನ್ನೂ ಹೊರಕ್ಕೆ ತಳ್ಳುತ್ತವೆ. ಅದನ್ನು ತಡೆಯಲು ಮರದ ಕಂಬವನ್ನು ಮೊದಲೇ ಒಳಕ್ಕೆ ವಾಲಿಸಿ ನೆಡಬೇಕು. ‘ಆದರೆ ಇದು ಬಂಡೆ. ಇಲ್ಲಿ ಯಾವುದೂ ಜಾರುವುದಿಲ್ಲ. ಆದರೂ ವಾಲಿಸಿದ್ದಾರೆ. ಮರದ ಕೆಲಸ ಕಲಿತ ಕೈ, ತಮ್ಮಾ, ಕಲ್ಲಿನ ಮುಂದೆ ನಿಂತರೂ ಮರವನ್ನೇ ನೆನೆಯುತ್ತದೆ.’

ಮಧ್ಯಾಹ್ನ ಊಟ ಮುಗಿಸಿ ಕಾರ್ಲೆಯ ಬೆಟ್ಟ ಹತ್ತಿದೆವು. ಹಾದಿಯ ಉದ್ದಕ್ಕೂ ಹೂವು, ತೆಂಗಿನಕಾಯಿ, ಪೇಡೆಯ ಅಂಗಡಿಗಳು. ಜನ ಬರುವುದು ಹೆಚ್ಚಾಗಿ ಏಕವೀರಾ ದೇವಿಗಾಗಿ. ಕರಾವಳಿಯ ‘ಕೋಳಿ’ ಎಂಬ ಮೀನುಗಾರ ಸಮುದಾಯಕ್ಕೆ ಆಕೆ ಕುಲದೇವಿ. ಚೈತ್ರದ ಜಾತ್ರೆಗೆ ಮುಂಬಯಿಯಿಂದಲೂ ಸಾವಿರಾರು ಜನ ಬರುತ್ತಾರೆ. ದೇವಿಯ ಗುಡಿ ಚೈತ್ಯದ ಬಾಗಿಲಿಗೆ ಎದುರೇ ನಿಂತಿದೆ. ಇದರಿಂದ ಚೈತ್ಯದ ನೋಟ ಕೆಟ್ಟಿತು ಎಂದು ಹಲವರು ಗೊಣಗುವುದನ್ನು ಕೇಳಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸಮುದ್ರದ ಬಂದರುಗಳಿಂದ ಬೋರ್ ಘಾಟಿ ಹತ್ತಿ ದಖ್ಖನ್ನಿಗೆ ಬರುತ್ತಿದ್ದ ಹಳೆಯ ವ್ಯಾಪಾರದ ದಾರಿಯ ಮೇಲೆಯೇ ಈ ಬೆಟ್ಟವಿದೆ. ಕಡಲಿನ ಜನ ಅಂದೂ ಇಲ್ಲಿಗೆ ಬರುತ್ತಿದ್ದರು, ಇಂದೂ ಬರುತ್ತಿದ್ದಾರೆ.

ಗುಡಿಯ ಪಕ್ಕದಲ್ಲೇ ಸಿಂಹಸ್ತಂಭ. ಹದಿನಾರು ಮುಖದ ಎತ್ತರದ ಕಂಬ, ತುದಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ನಾಲ್ಕು ಸಿಂಹಗಳು. ಗೋತಿಯ ಮಗ, ಮಹಾರಠಿ ಎಂಬ ಪದವಿಯ ಅಗ್ನಿಮಿತ್ರನಕ ಕೊಟ್ಟ ದಾನ ಎಂದು ಅದರ ಮೇಲೆಯೇ ಬರೆದಿದೆ.

ಚೈತ್ಯದ ಮುಂಭಾಗ ನೋಡಿದ ಕೂಡಲೇ ಅಪ್ಪಯ್ಯ, ‘ಇಲ್ಲಿ ಮುಖ ಕಲ್ಲಿನದೇ ಇದೆ’ ಎಂದರು. ಭಾಜೆಗೂ ಕಾರ್ಲೆಗೂ ನಡುವೆ ಸುಮಾರು ಇನ್ನೂರು ವರ್ಷ. ಕಾರ್ಲೆಯದು ಕ್ರಿ.ಶ. 1ನೇ ಶತಮಾನ. ಅಷ್ಟರಲ್ಲಿ ಕೊರೆಯುವವರು ಪಾಠ ಕಲಿತಿದ್ದರು. ಸಹ್ಯಾದ್ರಿಯ ಮಳೆಗೆ ಮರದ ಮುಮ್ಮುಖ ತಾಳುವುದಿಲ್ಲ. ಅದಕ್ಕಾಗಿ ಇಲ್ಲಿ ಬಂಡೆಯನ್ನೇ ಗೋಡೆಯಾಗಿ ಬಿಟ್ಟು, ಮೂರು ಬಾಗಿಲು ಕೊರೆದು, ಮೇಲೆ ಲಾಳದಾಕಾರದ ದೊಡ್ಡ ಕಿಟಕಿ ತೆರೆದಿದ್ದಾರೆ. ಬಾಗಿಲುಗಳ ನಡುವಿನ ಗೋಡೆಯಲ್ಲಿ ಗಂಡು ಹೆಣ್ಣಿನ ಜೋಡಿಗಳು. ಮೈತುಂಬಿದ, ನಗುಮುಖದ, ಆಭರಣ ತೊಟ್ಟ ದಂಪತಿಗಳು. ಸನ್ಯಾಸಿಗಳ ಪೂಜಾಸ್ಥಳದ ಬಾಗಿಲಲ್ಲಿ ಇಷ್ಟು ಸಮೃದ್ಧಿ! ಅವುಗಳ ಪಕ್ಕದಲ್ಲಿ ಬುದ್ಧನ ಮೂರ್ತಿಗಳಿವೆ. ಆದರೆ ಅವು ಕೆಲವು ಶತಮಾನಗಳ ನಂತರ, ಮಹಾಯಾನದ ಕಾಲದಲ್ಲಿ ಸೇರಿಸಿದವು. ಕೆಲವು ಕಡೆ ಮೊದಲಿದ್ದ ಕಟಾಂಜನದ ಕೆತ್ತನೆಯನ್ನು ಕಡಿದು ಅವುಗಳಿಗೆ ಜಾಗ ಮಾಡಿದ್ದಾರೆ. ದಂಪತಿಗಳ ತುಂಬು ಮೈಗೂ ಬುದ್ಧನ ನಯವಾದ ಮೈಗೂ ಇರುವ ವ್ಯತ್ಯಾಸ ನೋಡಿದರೆ ಎರಡು ಕಾಲದ ಉಳಿಗಳು ಬರಿಗಣ್ಣಿಗೇ ಕಾಣುತ್ತವೆ.

ಮೊಗಸಾಲೆಯ ಎರಡು ಬದಿಯ ಗೋಡೆಗಳ ಬುಡದಲ್ಲಿ ಮೂರು ಮೂರು ಆನೆಗಳು ಬಂಡೆಯಿಂದ ಅರ್ಧ ಹೊರಬಂದು ನಿಂತಿವೆ. ಅವಕ್ಕೆ ನಿಜವಾದ ದಂತವನ್ನೇ ಸಿಕ್ಕಿಸಿದ್ದರಂತೆ, ಗುಳಿಗಳು ಉಳಿದಿವೆ. ಆನೆಗಳ ಬೆನ್ನ ಮೇಲೆ ಗೋಡೆಯ ತುದಿಯವರೆಗೂ ಅಂತಸ್ತಿನ ಮೇಲೆ ಅಂತಸ್ತು: ಪುಟ್ಟ ಕಮಾನುಗಳು, ಕಟಾಂಜನ, ತೊಲೆಯ ತುದಿಗಳು. ಇಡೀ ಗೋಡೆ ಒಂದು ಮರದ ಅರಮನೆಯ ಪ್ರತಿಬಿಂಬದ ಹಾಗಿದೆ. ಇಲ್ಲಿ ಅಪ್ಪಯ್ಯ ತುಂಬಾ ಹೊತ್ತು ನಿಂತರು. ‘ಈ ತೊಲೆ ಈ ಕಂಬದ ಮೇಲೆ ಕೂರುತ್ತದೆ. ಇಲ್ಲಿ ಕೀಲು. ಇದನ್ನು ಮಾಡಿದವನಿಗೆ ಸುಮ್ಮನೆ ಚಂದ ಮಾಡುವುದಲ್ಲ, ಜೋಡಣೆಯೇ ಗೊತ್ತಿತ್ತು’ ಎಂದು ಬೆರಳಿನಲ್ಲಿ ಗಾಳಿಯಲ್ಲೇ ಕೀಲು ಬರೆದು ತೋರಿಸಿದರು.

ಭೂತಪಾಲನ ಸಾಲನ್ನು ತೋರಿಸಿದೆ. ಮುದ್ರಿತ ಪಾಠವನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಒಂದೊಂದೇ ಅಕ್ಷರಕ್ಕೆ ಬೆರಳು ಮಾಡುತ್ತಾ ಓದಿದೆ. ‘ಸೇಠಿನಾ’ ಬಂದಾಗ ಅಪ್ಪಯ್ಯ ನಕ್ಕರು. ‘ಶೆಟ್ಟರೇ?’ ಶೆಟ್ಟರೇ. ಸಂಸ್ಕೃತದ ಶ್ರೇಷ್ಠಿ ಪ್ರಾಕೃತದಲ್ಲಿ ಸೇಠಿಯಾಗಿ, ನಮ್ಮಲ್ಲಿ ಶೆಟ್ಟಿಯಾಗಿ ಇಂದಿಗೂ ಅಂಗಡಿ ತೆರೆದು ಕುಳಿತಿದೆ.

ನನಗೆ ಈ ಸಾಲಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಪದ ‘ಪರಿನಿಠಾಪಿತಂ’. ಮಾಡಿಸಿದೆ, ದಾನ ಕೊಟ್ಟೆ ಎಂದಿಲ್ಲ; ಪೂರ್ತಿ ಮಾಡಿಸಿದೆ ಎಂದಿದೆ. ಏಕೆಂದರೆ ಇದು ಒಬ್ಬರ ಕಟ್ಟಡವೇ ಅಲ್ಲ. ಕಂಬ ಕಂಬಕ್ಕೂ ಬೇರೆ ಬೇರೆ ದಾನಿ. ಧೇನುಕಾಕಟ ಎಂಬ ಊರಿನ ಯವನರು, ಎಂದರೆ ಗ್ರೀಕ್ ಮೂಲದವರು, ಒಂದೊಂದು ಕಂಬ ಕೊಟ್ಟಿದ್ದಾರೆ. ಸಿಹಧಯ ಎಂಬ ಯವನನ ಹೆಸರು ಅಲ್ಲೇ ಇದೆ. ಸೋಪಾರದಿಂದ ಬಂದ ಭಿಕ್ಷುವೊಬ್ಬನ ಕಂಬವಿದೆ. ಗಂಧದ ವ್ಯಾಪಾರಿ ಸಿಂಹದತ್ತ ಬಾಗಿಲು ಕೊಟ್ಟಿದ್ದಾನೆ. ಭಿಕ್ಷುಣಿಯರೂ ಕೊಟ್ಟಿದ್ದಾರೆ. ಭಿಕ್ಷೆ ಬೇಡಿ ಉಣ್ಣುವವಳು ಕಲ್ಲಿನ ಕೆತ್ತನೆಗೆ ದಾನ ಕೊಟ್ಟಳು ಎಂಬುದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕುಳಿತಿದ್ದೆ. ಇಷ್ಟೆಲ್ಲ ಜನರ ತುಂಡು ತುಂಡು ದಾನ ಸೇರಿದ ಕೆಲಸವನ್ನು ಕೊನೆಮುಟ್ಟಿಸಿದವನು ನಮ್ಮ ಬನವಾಸಿಯವನು. ಮನೆ ಕಟ್ಟಿಸಿದವರಿಗೆಲ್ಲ ಗೊತ್ತು, ಕೊನೆಯ ಹಂತದಲ್ಲೇ ಕೈ ಬರಿದಾಗುವುದು.

ರಾಜರೂ ಇಲ್ಲಿನ ಶಾಸನಗಳಲ್ಲಿ ಬರುತ್ತಾರೆ. ಆಗ ಈ ಬೆಟ್ಟದ ಹೆಸರು ವಲೂರಕ. ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತನು ವಲೂರಕದ ಗುಹೆಗಳಲ್ಲಿ ಮಳೆಗಾಲ ಕಳೆಯುವ ಸನ್ಯಾಸಿಗಳಿಗಾಗಿ ಕರಜಿಕ ಎಂಬ ಹಳ್ಳಿಯನ್ನು ಬಿಟ್ಟುಕೊಟ್ಟ. ಆಮೇಲೆ ಶಾತವಾಹನ ಗೌತಮೀಪುತ್ರ ಶಾತಕರ್ಣಿ ನಹಪಾನನನ್ನು ಸೋಲಿಸಿದ. ಎಂಥ ಸೋಲು ಎಂದರೆ, 1906ರಲ್ಲಿ ನಾಸಿಕದ ಹತ್ತಿರ ಜೋಗಲ್‌ಥೆಂಬಿಯಲ್ಲಿ ಸಿಕ್ಕ 13 ಸಾವಿರಕ್ಕೂ ಹೆಚ್ಚಿನ ನಹಪಾನನ ಬೆಳ್ಳಿ ನಾಣ್ಯಗಳಲ್ಲಿ 9 ಸಾವಿರಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ತನ್ನ ಅಚ್ಚನ್ನು ಒತ್ತಿಸಿದ್ದಾನೆ. ಶತ್ರುವಿನ ಮುಖದ ಮೇಲೆಯೇ ತನ್ನ ಗುರುತು! ಆದರೆ ಕಾರ್ಲೆಯ ಮಟ್ಟಿಗೆ ಅದೇ ಶಾತವಾಹನರ ಕಡೆಯಿಂದ ಮಾವಳ ಎಂಬ ಈ ಸೀಮೆಯ ಅಧಿಕಾರಿಗೆ ಹೋದ ಆಜ್ಞೆ ಅದೇ ಹಳ್ಳಿಯನ್ನು ಅದೇ ಭಿಕ್ಷುಗಳಿಗೆ ಮತ್ತೆ ಕೊಡುತ್ತದೆ. ನಾಣ್ಯ ಅಳಿಸಿದವನು ಅನ್ನ ಅಳಿಸಲಿಲ್ಲ. ಗೌತಮೀಪುತ್ರನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅವನ ಯುದ್ಧಗಳಿಂದಲ್ಲ, ಈ ಆಜ್ಞೆಯಿಂದ.

ಒಳಗೆ ಹೋದೆವು.

ಬಾಗಿಲಿನಿಂದ ಹಿಂಗೋಡೆಗೆ 124 ಅಡಿ ಉದ್ದ, 45 ಅಡಿ ಅಗಲ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಈ ಅಂಕಿಗಳನ್ನು ನಾನು ಬರೆಯುತ್ತಿದ್ದೇನೆ, ಆದರೆ ಅಲ್ಲಿ ನಿಂತಾಗ ಆಗುವುದು ಅಂಕಿಗಳಿಗೆ ಸಿಗುವುದಿಲ್ಲ. ಹೊರಗಿನ ಗಂಟೆ, ಕೂಗು, ಗದ್ದಲ ಎಲ್ಲವೂ ಹೊಸ್ತಿಲಿನಲ್ಲೇ ನಿಂತುಬಿಡುತ್ತದೆ. ಎರಡೂ ಬದಿಗೆ ಹದಿನೈದು ಹದಿನೈದು ಕಂಬಗಳು. ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಪೀಠದ ಮೇಲೆ ಕುಂಭ, ಅದರಿಂದ ಮೇಲೇಳುವ ಎಂಟುಮೂಲೆಯ ಕಂಬ, ಮೇಲೆ ಗಂಟೆಯಾಕಾರದ ಬೋದಿಗೆ. ಬೋದಿಗೆಯ ಮೇಲೆ ಮಂಡಿಯೂರಿ ಕುಳಿತ ಎರಡು ಆನೆಗಳು, ಪ್ರತಿ ಆನೆಯ ಮೇಲೆ ಇಬ್ಬರು ಸವಾರರು. ಕಂಬದ ಹಿಂಬದಿಗೆ, ಎಂದರೆ ಪ್ರದಕ್ಷಿಣೆಯ ಓಣಿಯ ಕಡೆಗೆ, ಆನೆಯ ಬದಲು ಕುದುರೆ ಮೊದಲಾದ ಪ್ರಾಣಿಗಳು. ಸ್ತೂಪದ ಹಿಂದೆ ಸುತ್ತುವ ಏಳು ಕಂಬಗಳಿಗೆ ಮಾತ್ರ ಕುಂಭವೂ ಇಲ್ಲ, ಬೋದಿಗೆಯೂ ಇಲ್ಲ. ಆ ಬೋಳು ಕಂಬಗಳ ಹತ್ತಿರ ಬಂದಾಗ ಕಣ್ಣಿಗೆ ಬೇರೆ ಕೆಲಸವಿಲ್ಲದೆ ಸ್ತೂಪವೊಂದೇ ಉಳಿಯುತ್ತದೆ.

ಅಪ್ಪಯ್ಯ ಇಲ್ಲೂ ಒಂದು ಕಣ್ಣು ಮುಚ್ಚಿ ನೋಡಿದರು. ‘ಇವು ನೆಟ್ಟಗಿವೆ.’ ಭಾಜೆಯಲ್ಲಿ ವಾಲಿದ್ದ ಕಂಬ ಕಾರ್ಲೆಗೆ ಬರುವಷ್ಟರಲ್ಲಿ ನೆಟ್ಟಗಾಗಿತ್ತು. ಕಲ್ಲಿಗೆ ಆ ವಾಲು ಬೇಡ ಎಂಬ ಧೈರ್ಯ ಬಂದಿತ್ತು.

ಆಮೇಲೆ ತಲೆಯೆತ್ತಿದರು.

ಕಾರ್ಲೆಯ ಮಾಡಿಗೆ ಪಕಾಸುಗಳಿವೆ. ಕಲ್ಲಿನ ಪಕಾಸುಗಳಲ್ಲ, ಮರದವು, ಸಾಗವಾನಿ. ಅರ್ಧಚಂದ್ರದಂತೆ ಬಾಗಿದ ಒಂದೊಂದು ಪಕಾಸೂ ಕಂಬದ ಸಾಲಿನ ಮೇಲಿಂದ ಎದ್ದು, ಬಂಡೆಯ ಕಮಾನಿಗೆ ಒತ್ತಿಕೊಂಡು, ಆಚೆ ಸಾಲಿಗೆ ಇಳಿಯುತ್ತದೆ. ಕಟ್ಟಡದಷ್ಟೇ ಹಳೆಯವು ಎಂದು ವಿದ್ವಾಂಸರು ಹೇಳುತ್ತಾರೆ. ಸ್ತೂಪದ ತಲೆಯ ಮೇಲಿನ ಕೊಡೆಯೂ ಮರದ್ದೇ. ಅದರ ಕೆಳಮೈಯಲ್ಲಿ ಕಮಲದ ಕೆತ್ತನೆ. ಎರಡು ಸಾವಿರ ಮಳೆಗಾಲ ಕಂಡ ಮರ. ನಮ್ಮ ಮಲೆನಾಡಿನಲ್ಲಿ ಅಜ್ಜ ಹಾಕಿದ ಪಕಾಸನ್ನು ಮೊಮ್ಮಗ ಬದಲಿಸುತ್ತಾನೆ.

ಅಪ್ಪಯ್ಯ ಏನೂ ಮಾತಾಡಲಿಲ್ಲ. ಕಂಬದಿಂದ ಕಂಬಕ್ಕೆ ನಡೆಯುತ್ತಾ ಪ್ರತಿ ಪಕಾಸಿನ ಕಾಲನ್ನೂ ನೋಡಿದರು. ಪೂರ್ತಿ ಒಂದು ಸುತ್ತು ಬಂದ ಮೇಲೆ ನನ್ನ ಹತ್ತಿರ ನಿಂತು ಹೇಳಿದರು:

‘ತಮ್ಮಾ, ಇವು ಯಾವುದನ್ನೂ ಹೊತ್ತಿಲ್ಲ.’

ನಿಜ. ಇಡೀ ಬೆಟ್ಟವೇ ತನ್ನನ್ನು ತಾನು ಹೊತ್ತುಕೊಂಡಿದೆ. ಕೊರೆಯುವವರು ಮೇಲಿನಿಂದ ಕೆಳಕ್ಕೆ ಬಂದವರು. ಮೊದಲು ಮಾಡು ಬಿಡಿಸಿ, ಆಮೇಲೆ ಕಂಬ ಬಿಡಿಸಿ, ಕೊನೆಗೆ ನೆಲ. ಅಟ್ಟಣೆ ಕಟ್ಟಬೇಕಾಗಿಲ್ಲ, ಆದರೆ ಒಂದು ಏಟು ತಪ್ಪಿದರೂ ಮತ್ತೆ ಅಂಟಿಸುವಂತಿಲ್ಲ. ಕಪ್ಪು ಬಸಾಲ್ಟ್ ಬಂಡೆ. ಕಮಾನನ್ನು ನುಣುಪಾಗಿ ಮುಗಿಸಿ ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು. ಹಾಗಿರುವಾಗ ಇಷ್ಟು ಎತ್ತರಕ್ಕೆ ಸಾಗವಾನಿ ಸಾಗಿಸಿ, ಬಾಗಿಸಿ, ಬಂಡೆಗೆ ಸಿಕ್ಕಿಸಿದ್ದೇಕೆ?

ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿದೆ. ಬಯಲಿನಲ್ಲಿ ಮರದಿಂದ ಕಟ್ಟುತ್ತಿದ್ದ ಚೈತ್ಯಗಳೇ ಈ ಗುಹೆಗಳಿಗೆ ಮೂಲ. ಅವು ಅಳಿದುಹೋಗಿವೆ, ರೂಪ ಬಂಡೆಯಲ್ಲಿ ಉಳಿಯಿತು. ಒಳಗೆ ಬಂದ ಭಕ್ತರಿಗೆ ಚೈತ್ಯ ಎಂದರೆ ಪಕಾಸಿನ ಮಾಡಿನ ಕೆಳಗಿನ ಸ್ತೂಪವೇ. ನಾನು ಇದನ್ನೆಲ್ಲ ವಿವರಿಸಿದೆ. ಅಪ್ಪಯ್ಯ ತಾಳ್ಮೆಯಿಂದ ಕೇಳಿ, ‘ಆ ಶೆಟ್ಟರು ಇದನ್ನು ಏನೆಂದು ಬರೆಸಿದರು ಎಂದೆ?’ ಎಂದು ಕೇಳಿದರು.

‘ಸೇಲಘರ. ಕಲ್ಲುಮನೆ.’

‘ಮನೆ ಎಂದ ಮೇಲೆ ಪಕಾಸು ಇರಬೇಕಲ್ಲ.’

ಆ ಮಾತಿನ ಮುಂದೆ ನನ್ನ ಓದು ಉದ್ದವಾಯಿತೇ ಹೊರತು ಆಳವಾಗಲಿಲ್ಲ ಎಂದು ಅಲ್ಲೇ ಅನ್ನಿಸಿತು.

ಚೈತ್ಯದ ಮುಖ ಪಡುವಣಕ್ಕೆ. ಹೊತ್ತು ಇಳಿಯುತ್ತಿದ್ದಂತೆ ಮೇಲಿನ ಕಿಟಕಿಯಿಂದ ಬೆಳಕು ಉದ್ದಕ್ಕೆ ಒಳಗೆ ಬಂತು. ಓಣಿಗಳು ಕತ್ತಲಾಗಿಯೇ ಉಳಿದವು. ನಡುಸಾಲೆ ಮತ್ತು ಸ್ತೂಪ ಮಾತ್ರ ಬೆಳಗಿದವು. ಸ್ತೂಪದಲ್ಲಿ ಮೂರ್ತಿಯಿಲ್ಲ. ಎರಡು ಅಂತಸ್ತಿನ ದುಂಡು ಪೀಠ, ಅದರ ಅಂಚಿಗೆ ಕಟಾಂಜನದ ಪಟ್ಟಿ, ಮೇಲೆ ಗುಮ್ಮಟ, ಅಷ್ಟೇ. ಬೆಳಕು ಬಿದ್ದಾಗ ಮರದ ಕೊಡೆಯ ನೆರಳು ಹಿಂದಿನ ಕತ್ತಲೆಯಲ್ಲಿ ಕರಗಿಹೋಯಿತು. ಪಕ್ಕದಲ್ಲಿದ್ದ ಒಂದು ಮರಾಠಿ ಕುಟುಂಬದ ಪುಟ್ಟ ಹುಡುಗಿ ಒಮ್ಮೆ ಜೋರಾಗಿ ‘ಆ’ ಎಂದಳು. ಆ ದನಿ ಮಾಡಿನಲ್ಲಿ ಸುತ್ತಿ ಹಿಂದಿರುಗುವವರೆಗೂ ಅಲ್ಲಿದ್ದ ಹತ್ತಾರು ಜನ ಮಾತು ನಿಲ್ಲಿಸಿ ಕೇಳಿದೆವು.

ಹೊರಗೆ ಬಂದಾಗ ನಡುಬಾಗಿಲ ಬಳಿ ನಾನು ತೋರಿಸಲೆಂದೇ ಉಳಿಸಿಕೊಂಡಿದ್ದ ಇನ್ನೊಂದು ಶಾಸನಕ್ಕೆ ಅಪ್ಪಯ್ಯನನ್ನು ಕರೆದೊಯ್ದೆ. ಧೇನುಕಾಕಟದ ಸಾಮಿ, ವೇಣುವಾಸನ ಮಗ, ‘ಘರಸ ಮುಘ’ವನ್ನು, ಮನೆಯ ಮುಖವನ್ನು ಮಾಡಿದ ಎಂದು ಅದು ಹೇಳುತ್ತದೆ. ಸಾಮಿಯ ಹೆಸರಿನ ಜೊತೆಗೆ ಅವನ ಕಸುಬೂ ಇದೆ: ವಢಕಿ.

‘ವಢಕಿ ಎಂದರೆ?’

‘ಸಂಸ್ಕೃತದಲ್ಲಿ ವರ್ಧಕಿ. ಪ್ರಾಕೃತದಲ್ಲಿ ವಢಕಿ. ಕನ್ನಡದಲ್ಲಿ…’

ನಾನು ಮುಗಿಸುವ ಮೊದಲೇ ಅವರ ತುಟಿ ಆ ಪದವನ್ನು ಮಾಡಿಯಾಗಿತ್ತು. ‘ಬಡಗಿ.’

ಕಲ್ಲಿನ ಬಾಗಿಲಿನ ಮೇಲೆ ಒಬ್ಬ ಬಡಗಿಯ ಹೆಸರು. ಬೆಳಿಗ್ಗೆಯಿಂದ ಅಪ್ಪಯ್ಯ ಬಂಡೆಯಲ್ಲಿ ಮರದ ಕೈ ಹುಡುಕಿ ಹುಡುಕಿ ತೋರಿಸಿದ್ದರು. ಆ ಕೈಯೇ ಇಲ್ಲಿ ಸಹಿ ಹಾಕಿ ನಿಂತಿತ್ತು. ನಾನು ಈ ಶಾಸನವನ್ನು ಎಷ್ಟೋ ಸಲ ಓದಿದ್ದೆ. ಕಲ್ಲಿನ ಕೆಲಸಕ್ಕೆ ಬಡಗಿ ಏಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಬನವಾಸಿಯಲ್ಲೂ ಇಂಥದೊಂದು ಸಹಿ ಇದೆ ಎಂದು ಇಳಿಯುವಾಗ ಹೇಳಿದೆ. ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲ್ಪವನ್ನು ಅಪ್ಪಯ್ಯ ಬಾಲ್ಯದಿಂದ ನೋಡಿದವರು; ನಾಗರಪಂಚಮಿಗೆ ಅದಕ್ಕೂ ಕೈಮುಗಿದವರು. ಅದರ ಅಂಚಿನ ಪ್ರಾಕೃತ ಬರಹದಲ್ಲಿ ಚುಟು ವಂಶದ ದೊರೆಯ ಮಗಳು ಶಿವಸ್ಕಂದನಾಗಶ್ರೀ ಒಂದು ನಾಗ, ಒಂದು ಕೆರೆ ಮತ್ತು ಒಂದು ವಿಹಾರವನ್ನು ದಾನ ಮಾಡಿದ ಸುದ್ದಿಯಿದೆ. ಕೊನೆಯಲ್ಲಿ ನಾಗವನ್ನು ಕೆತ್ತಿದವನ ಹೆಸರು, ನಟಕ. ಅಪ್ಪಯ್ಯ ಮೆಟ್ಟಿಲಲ್ಲೇ ನಿಂತರು. ‘ನಮ್ಮ ನಾಗನ ಮೇಲೆ? ಅದರಲ್ಲಿ ಅಕ್ಷರ ಇದೆ ಎಂದು ಗೊತ್ತಿತ್ತು. ಹೆಸರಿದೆ ಎಂದು ಯಾರೂ ಹೇಳಿರಲಿಲ್ಲ.’

ಮಳವಲಿಯಲ್ಲಿ ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅಪ್ಪಯ್ಯ ಅಂಗಿಯ ಜೇಬಿನಿಂದ ಅಳತೆಯ ಪುಸ್ತಕ ತೆಗೆದರು. ಕೆಲಸ ಬಿಟ್ಟರೂ ಅದು ಜೇಬು ಬಿಟ್ಟಿಲ್ಲ. ಬಾಗಿಲು, ಕಿಟಕಿ, ನಾಟಾದ ಲೆಕ್ಕ ತುಂಬಿದ ಪುಟಗಳ ನಂತರ ಒಂದು ಖಾಲಿ ಪುಟ ಬಿಡಿಸಿ ನನ್ನ ಕೈಗೆ ಕೊಟ್ಟು, ಶೆಟ್ಟರ ಸಾಲನ್ನು ಕನ್ನಡದಲ್ಲಿ ಬರೆಯಲು ಹೇಳಿದರು. ಬರೆದೆ. ಓದಿ ನೋಡಿ ಮತ್ತೆ ಪುಸ್ತಕ ಕೊಟ್ಟರು.

‘ಅದರ ಕೆಳಗೆ ಆ ಸಾಮಿಯದನ್ನೂ ಬರೆ. ಅವನ ಅಪ್ಪನ ಹೆಸರೂ ಇರಲಿ.’